529 ದುಡ್ಡು ತೆಗೆದವರಿಗೆ ನ್ಯೂಜೆರ್ಸಿಯ ಎಡಿಸನ್‌ನ ಒಂದು ಟ್ಯಾಕ್ಸ್ ಆಫೀಸು: ನಾಲ್ಕು ಸ್ಟಾರ್

ಓಕ್ ಟ್ರೀ ರೋಡ್‌ನಲ್ಲಿ ಕಿರಾಣಿ ಅಂಗಡಿಯ ಮೇಲಿನ ಮಹಡಿ. ಪಾರ್ಕಿಂಗ್ ಸಿಗೋದಿಲ್ಲ. ನಡೆಸೋರು ಹುಬ್ಬಳ್ಳಿ ಕಡೆಯ ಮೇಡಂ, ಎನ್‌ರೋಲ್ಡ್ ಏಜೆಂಟ್ (ಅಮೆರಿಕದ ತೆರಿಗೆ ಇಲಾಖೆಯ ಲೈಸೆನ್ಸ್ ಇರುವ ತೆರಿಗೆ ತಜ್ಞೆ). 2024ರ ರಿಟರ್ನ್ ಅವರ ಹತ್ತಿರ ಮಾಡಿಸಿದೆವು. ಮಗಳ ಕಾಲೇಜಿಗೆ 529ರಿಂದ (ಓದಿನ ಖರ್ಚಿಗೆ ದುಡ್ಡು ಕೂಡಿಡುವ ಖಾತೆ) 22,000 ಡಾಲರ್ ತೆಗೆದಿದ್ದೆವು, ತೆಗೆದ ಲೆಕ್ಕ ತೋರಿಸುವ 1099-ಕ್ಯು ಫಾರ್ಮ್ ಜನವರಿ ಕೊನೆಗೆ ಬಂತು. ಎರಡನೇ ಬಾಕ್ಸ್‌ನಲ್ಲಿ ಗಳಿಕೆ 8,800.

ಕೂತ ಕೂಡಲೇ ಕೇಳಿದ್ದು ಒಂದೇ: "ರೊಕ್ಕ ಮಗಳ ಅಕೌಂಟಿಗೆ ಹೋಗೇತೋ ನಿಮ್ಮ ಅಕೌಂಟಿಗೋ, ಮೊದಲ ಅದನ್ನ ಹೇಳ್ರಿ." ಮಗಳಿಗೋ ನೇರ ಕಾಲೇಜಿಗೋ ಹೋದರೆ ಫಾರ್ಮ್ ಅವಳ ಸೋಷಿಯಲ್ ಸೆಕ್ಯುರಿಟಿ ನಂಬರಿನಲ್ಲಿ ಬರುತ್ತದೆ, ತೆರಿಗೆ ಬಿದ್ದರೂ ಅವಳ ರಿಟರ್ನ್‌ನಲ್ಲೇ. ನಮ್ಮದು ಹಾಗೇ ಹೋಗಿತ್ತು, ಪುಣ್ಯ.

ಆಮೇಲೆ ಕಾಲೇಜಿನ ಬಿಲ್ ತೆಗೆದುಕೊಂಡು ಕೆಂಪು ಪೆನ್ನಲ್ಲಿ ಹೆಲ್ತ್ ಇನ್ಶೂರೆನ್ಸ್, ಪಾರ್ಕಿಂಗ್ ಎರಡೂ 529ರ ಲೆಕ್ಕಕ್ಕೆ ಬರೋದಿಲ್ಲ ಅಂತ ಹೊಡೆದು ಹಾಕಿದರು. ಉಳಿದಿದ್ದು: ಫೀಸ್ 16,000ದಲ್ಲಿ ಸ್ಕಾಲರ್‌ಶಿಪ್ 4,000 ಕಳೆದು 12,000, ಹೊರಗಿನ ರೂಮಿನ ಬಾಡಿಗೆ, ಊಟ 9,000, ಪುಸ್ತಕ, ಲ್ಯಾಪ್‌ಟಾಪ್ 1,500. ಬಾಡಿಗೆ, ಊಟಕ್ಕೆ ಕಾಲೇಜು ತಾನೇ ಹಾಕಿಕೊಟ್ಟ ಅಂದಾಜನ್ನು ಮೀರುವಂತಿಲ್ಲ ಅಂತ ಆ ಪುಟವನ್ನೂ ಪ್ರಿಂಟ್ ತೆಗೆಸಿ ಫೈಲಿಗೆ ಸೇರಿಸಿದರು. ಬಾಡಿಗೆ ಕಳಿಸಿದ ಸ್ಕ್ರೀನ್‌ಶಾಟ್‌ಗಳನ್ನೂ ಬಿಡಲಿಲ್ಲ.

ಒಟ್ಟು 22,500. ತೆಗೆದಿದ್ದಕ್ಕಿಂತ ಜಾಸ್ತಿಯೇ ಖರ್ಚಾಗಿದೆಯಲ್ಲ, ತೆರಿಗೆ ಎಲ್ಲಿ ಅಂದೆ. ಅವರು ಬೇರೆ ಲೆಕ್ಕ ಹಾಕಿದರು. ಉಳಿದ 12,000 ಫೀಸಿನಲ್ಲಿ 4,000 ಪಕ್ಕಕ್ಕಿಟ್ಟರೆ ನಮ್ಮ ರಿಟರ್ನ್‌ನಲ್ಲಿ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್ (ಕಾಲೇಜು ಖರ್ಚಿಗೆ ಸಿಗುವ ತೆರಿಗೆ ಕಡಿತ) ಪೂರ್ತಿ 2,500 ಸಿಗುತ್ತದೆ (ನಮ್ಮಿಬ್ಬರ ಆದಾಯ 160,000 ದಾಟಿಲ್ಲ). ಆದರೆ ಅದೇ ಖರ್ಚನ್ನು 529ಕ್ಕೂ ತೋರಿಸುವ ಹಾಗಿಲ್ಲ. ಹಾಗಾಗಿ 529ಕ್ಕೆ ಉಳಿಯೋದು 18,500, ಹೆಚ್ಚಾಗಿ ತೆಗೆದದ್ದು 3,500, ಅದರಲ್ಲಿ ಗಳಿಕೆಯ ಪಾಲು 1,400, ತೆರಿಗೆ ಬೀಳೋದು ಇದಕ್ಕೆ. ಕ್ರೆಡಿಟ್‌ಗೋಸ್ಕರ ಹೀಗಾದರೆ 10% ದಂಡ ಇಲ್ಲ, ಅದಕ್ಕೆ 5329 ಫಾರ್ಮ್ ಹಾಕಬೇಕು. ಕ್ಯಾಂಪಸ್ ಕೆಲಸದ 3,000 ಸೇರಿಸಿಯೂ ಮಗಳು ಕಟ್ಟಿದ್ದು ನೂರು ಡಾಲರಿನ ಒಳಗೇ. ಫಾರ್ಮ್ ನನ್ನ ಹೆಸರಿಗೆ ಬಂದಿದ್ದರೆ ನಮ್ಮ 22% ದರದಲ್ಲಿ ಮುನ್ನೂರು ದಾಟುತ್ತಿತ್ತು. 500 ಡಾಲರಿನ ಖರ್ಚು ಯಾವುದಕ್ಕೂ ಬಳಸದೆ ಮಿಕ್ಕಿತ್ತಲ್ಲ ಅಂತ ಕೇಳಿದ್ದಕ್ಕೆ, "ಅದನ್ನ ನಾ ಆಗಲೇ 4,000ದಾಗ ಹಿಡದೇನ್ರಿ" ಅಂತ ಹಾಳೆ ತಿರುಗಿಸಿ ತೋರಿಸಿದರು.

ಇನ್ನು ಬೇಜಾರಿನ ಸಂಗತಿ. ಈ ಲೆಕ್ಕದ ಹಾಳೆಗೆ ಬೇರೆ 75 ಡಾಲರ್ ಅಂತ ಬಿಲ್ ಬಂದಾಗಲೇ ಗೊತ್ತಾಗಿದ್ದು. ಕೆಲಸಕ್ಕೆ ತಕ್ಕ ಬೆಲೆಯೇ, ಆದರೂ ಮೊದಲೇ ಹೇಳಬೇಕಿತ್ತು. ಮಾರ್ಚ್‌ನಲ್ಲಿ ಫೋನ್ ಎತ್ತೋದಿಲ್ಲ, ಮೆಸೇಜ್ ಹಾಕಿದರೆ ಮೂರು ದಿನ ಬಿಟ್ಟು "ನೋಡ್ತೀನ್ರಿ" ಅಂತ ಬರುತ್ತದೆ. ಒಂದು ಸ್ಟಾರ್ ಅದಕ್ಕೇ ಕಡಿಮೆ.

ಬರೀ ಡಬ್ಲ್ಯೂ-2 (ಸಂಬಳದ ಫಾರ್ಮ್) ಇರುವವರು ಇಲ್ಲಿಗೆ ಬರೋದು ವ್ಯರ್ಥ, ಸಾಫ್ಟ್‌ವೇರ್ ಸಾಕು. ಮಕ್ಕಳು ಕಾಲೇಜಿನಲ್ಲಿದ್ದು 1098-ಟಿ (ಕಾಲೇಜು ಕಳಿಸುವ ಫೀಸಿನ ಫಾರ್ಮ್), 1099-ಕ್ಯು ಎರಡೂ ಬಂದಿದ್ದರೆ ಬನ್ನಿ. ಜನವರಿಯಲ್ಲಿ ಕಟ್ಟುವ ಸ್ಪ್ರಿಂಗ್ ಫೀಸಿಗೆ ಡಿಸೆಂಬರಿನಲ್ಲೇ ದುಡ್ಡು ತೆಗೆಯಬೇಡಿ, ಖರ್ಚು ಮತ್ತು ವಿತ್‌ಡ್ರಾ ಎರಡೂ ಒಂದೇ ವರ್ಷದಲ್ಲಿರಲಿ ಅಂತ ನಮಗೆ ಈ ಸಲ ಮೊದಲೇ ಹೇಳಿ ಕಳಿಸಿದ್ದಾರೆ. ಪೇಪರ್ ಎಲ್ಲ ಫೆಬ್ರವರಿಯಲ್ಲೇ ಕೊಟ್ಟುಬಿಡಿ. ತಡವಾದರೆ ಎಕ್ಸ್‌ಟೆನ್ಶನ್ (ರಿಟರ್ನ್ ಸಲ್ಲಿಸಲು ಹೆಚ್ಚಿನ ಸಮಯ) ಹಾಕಿ ಕೂರಿಸುತ್ತಾರೆ.