ನೈಟ್ರಸ್ ಕಿಟ್ ಜೊತೆ ಕಾರವಾರದಲ್ಲಿ ಎರಡು ವರ್ಷ: ಹೀಟರ್ ಬೇಡ, ಒದ್ದೆ ಗೋಣಿ ಬೇಕು

ನನ್ನ ರೇಸ್ ಬೈಕಿಗೆ ನೈಟ್ರಸ್ ಕಿಟ್ ಹಾಕಿದ್ದೇನೆ. ಬಾಟಲಿಯಲ್ಲಿರುವ ನೈಟ್ರಸ್ ಆಕ್ಸೈಡ್ ಎಂಜಿನ್‌ಗೆ ಹೆಚ್ಚು ಆಮ್ಲಜನಕ ಕೊಡುತ್ತದೆ, ಅದರಿಂದ ಹೆಚ್ಚು ಪೆಟ್ರೋಲ್ ಉರಿದು ಬಲ ಹೆಚ್ಚುತ್ತದೆ. ಮೊದಲು ಸಿಟ್ಟು ತೋಡಿಕೊಳ್ಳುತ್ತೇನೆ. ಕಿಟ್ ಮಾರಿದವರು ಬಾಟಲಿ ಹೀಟರ್ ಅನ್ನೂ ಸೇರಿಸಿ ಕೊಟ್ಟರು. ಬಾಟಲಿಗೆ ಸುತ್ತುವ ಕರೆಂಟ್ ಕಂಬಳಿ ಅದು. 'ಇದಿಲ್ಲದಿದ್ರೆ ಪ್ರೆಷರ್ ಬರಲ್ಲ' ಅಂದರು. ಮೂರು ತಿಂಗಳು ಉಳಿಸಿದ ದುಡ್ಡು ಅದಕ್ಕೇ ಹೋಯಿತು. ಕಾರವಾರದ ಮನೆಯಲ್ಲಿ ಅದನ್ನು ಒಂದು ಸಲವೂ ಹಚ್ಚಿಲ್ಲ.

ಯಾಕೆ ಅಂತ ಹೇಳುತ್ತೇನೆ. ಬಾಟಲಿಯೊಳಗೆ ನೈಟ್ರಸ್ ದ್ರವವಾಗಿರುತ್ತದೆ. ದ್ರವ ಇರುವಷ್ಟು ಹೊತ್ತು ಒತ್ತಡವನ್ನು ನಿರ್ಧರಿಸುವುದು ಬಾಟಲಿಯ ಬಿಸಿ. 21 ಡಿಗ್ರಿಯಲ್ಲಿ ಸುಮಾರು 760 ಪಿಎಸ್‌ಐ (ಒತ್ತಡದ ಅಳತೆ) ಇರುತ್ತದೆ. 30 ಡಿಗ್ರಿಗೆ 900 ದಾಟುತ್ತದೆ. ನನ್ನ ಜೆಟ್‌ಗಳಿಗೆ, ಅಂದರೆ ನೈಟ್ರಸ್ ಮತ್ತು ಪೆಟ್ರೋಲ್ ಎಷ್ಟು ಹೋಗಬೇಕೆಂದು ಅಳೆಯುವ ಸಣ್ಣ ತೂತಿನ ಬಿಡಿಭಾಗಗಳಿಗೆ, ಬೇಕಾದದ್ದು 900ರಿಂದ 950. ಅಷ್ಟು ಬಿಸಿ ನಮ್ಮ ಜಗಲಿಯ ನೆರಳಿನಲ್ಲೇ ಸಿಗುತ್ತದೆ, ಅಲ್ವಾ? ನಮ್ಮ ತೊಂದರೆ ಇರುವುದು ಇನ್ನೊಂದು ಕಡೆ. 36.4 ಡಿಗ್ರಿ ದಾಟಿದರೆ ಬಾಟಲಿಯಲ್ಲಿ ದ್ರವವೇ ಉಳಿಯುವುದಿಲ್ಲ. ಬಿಸಿಲಲ್ಲಿ ನಿಂತ ಬೈಕಿಗೆ ಅದು ಏನೂ ದೂರವಲ್ಲ.

ಕಳೆದ ವರ್ಷ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ ಹಾಗೇ ಆಯಿತು. ಬೆಳಗಿನ ತಂಪಿನಲ್ಲಿ ಹಾಕಿದ ಜೆಟ್ ಹಾಗೇ ಇತ್ತು. ಮಧ್ಯಾಹ್ನ ಸಾಲಿನಲ್ಲಿ ಕಾಯುವಾಗ ಬಾಟಲಿಗೆ ಬಿಸಿಲು ಬಡಿಯುತ್ತಿತ್ತು. ಒತ್ತಡ ತೋರಿಸುವ ಗೇಜ್ 1,100 ತೋರಿಸಿತು. ನೋಡಿಯೂ ಓಡಿಸಿದೆ. ನನ್ನದು ವೆಟ್ ಕಿಟ್, ಅಂದರೆ ನೈಟ್ರಸ್ ಜೊತೆ ಹೆಚ್ಚಿನ ಪೆಟ್ರೋಲನ್ನೂ ಅದೇ ಕೊಡುತ್ತದೆ. ಪೆಟ್ರೋಲ್ ಅದರದೇ ಪಂಪ್‌ನಿಂದ ಒಂದೇ ಒತ್ತಡದಲ್ಲಿ ಬರುತ್ತದೆ. ನೈಟ್ರಸ್ ಜಾಸ್ತಿ ನುಗ್ಗಿತು, ಪೆಟ್ರೋಲ್ ಸಾಲಲಿಲ್ಲ. ಎರಡನೇ ಗೇರ್‌ನಲ್ಲಿ ಎಂಜಿನ್ ಟಕಟಕ ಬಡಿಯಿತು. ತಕ್ಷಣ ಆಕ್ಸಿಲರೇಟರ್ ಬಿಟ್ಟೆ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಬಿಳಿ ಪಿಂಗಾಣಿಯ ಮೇಲೆ ಸಾಸಿವೆಗಿಂತ ಸಣ್ಣ ಹೊಳೆಯುವ ಚುಕ್ಕೆಗಳು. ಅದು ಪಿಸ್ಟನ್‌ನ ಅಲ್ಯುಮಿನಿಯಂ. ಅಂಚು ಕರಗಿತ್ತು. ಅಲ್ಲಿಂದ ಊರಿಗೆ ಬರುವವರೆಗೆ ನನಗೆ ಮಾತೇ ಹೊರಡಲಿಲ್ಲ.

ಆದರೂ ಕಿಟ್ ಮೇಲೆ ಸಿಟ್ಟು ಉಳಿದಿಲ್ಲ. ಹೇಳಿದಷ್ಟನ್ನು ಅದು ಮಾಡುತ್ತದೆ. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಸ್ವಿಚ್ ಒತ್ತಿ, ನನ್ನ ಹಳೆಯ ಕಾರ್ಬುರೇಟರ್ ಪಲ್ಸರ್ 220 ಯಾರೋ ಹಿಂದಿನಿಂದ ನೂಕಿದ ಹಾಗೆ ಹಾರುವಾಗ ಈಗಲೂ ಮೈ ಜುಮ್ಮೆನ್ನುತ್ತದೆ. 402 ಮೀಟರ್‌ನ (ಕಾಲು ಮೈಲಿ) ಓಟ ಮುಗಿಯುವುದೇ ಗೊತ್ತಾಗುವುದಿಲ್ಲ. ಇದು ಟ್ರ್ಯಾಕ್‌ಗೆ ಮಾತ್ರ. ನನ್ನ ಬೈಕ್ ಅಲ್ಲಿಗೆ ಪಿಕಪ್‌ನಲ್ಲೇ ಹೋಗುತ್ತದೆ.

ನಿಜವಾದ ಖುಷಿ ಇರುವುದು ತಯಾರಿಯಲ್ಲಿ. ಬೆಳಗ್ಗೆ ಆರಕ್ಕೆ ಏಳುತ್ತೇನೆ. ಆಯಿ ಕೊಟ್ಟ ಹಳೆಯ ಅಕ್ಕಿ ಗೋಣಿಯನ್ನು ಬಾವಿ ನೀರಿನಲ್ಲಿ ನೆನೆಸಿ ಹಿಂಡಿಡುತ್ತೇನೆ. ಟ್ರ್ಯಾಕ್‌ನಲ್ಲಿ ಬಾಟಲಿಗೆ ಅದೇ ಹೊದಿಕೆ. ಆಮೇಲೆ ಬಾಟಲಿ ತೂಗುವುದು. ಎಷ್ಟು ಗ್ಯಾಸ್ ಉಳಿದಿದೆ ಅಂತ ಗೇಜ್ ಹೇಳುವುದಿಲ್ಲ, ತೂಕ ಹೇಳುತ್ತದೆ. ಪ್ರತಿ ಓಟದ ತೂಕ ಒಂದು ಪುಸ್ತಕದಲ್ಲಿ ಬರೆಯುತ್ತೇನೆ. ನಂತರ ಸಮುದ್ರದ ಉಪ್ಪುಗಾಳಿಗೆ ವೈರ್ ತುದಿಯಲ್ಲಿ ಹಿಡಿದ ಹಸಿರು ಕಿಲುಬನ್ನು ಹಳೆಯ ಬ್ರಷ್‌ನಿಂದ ಉಜ್ಜುತ್ತೇನೆ. ವಾರಕ್ಕೊಮ್ಮೆ ಇದನ್ನು ಮಾಡದಿದ್ದರೆ ಪೆಟ್ರೋಲ್ ಸೊಲೆನಾಯ್ಡ್ (ಕರೆಂಟ್‌ನಿಂದ ತೆರೆಯುವ ವಾಲ್ವ್) ಕೈಕೊಡಬಹುದು. ಆಗ ಒಳಗೆ ಹೋಗುವುದು ಬರೀ ನೈಟ್ರಸ್. ಕೊನೆಗೆ ಬಾಟಲಿ ಬಂದ್ ಇಟ್ಟು, ಪಂಪ್ ಆಫ್ ಮಾಡಿ ಸ್ವಿಚ್ ಒತ್ತುತ್ತೇನೆ. ಎರಡೂ ಸೊಲೆನಾಯ್ಡ್ ಒಟ್ಟಿಗೆ 'ಟಕ್' ಅನ್ನಬೇಕು. ಆ ಸದ್ದು ಕೇಳಿದ ಮೇಲೇ ಚಹಾ.

ಜೆಟ್ ವಿಷಯದಲ್ಲಿ ನನ್ನ ಅಭ್ಯಾಸ ಇಷ್ಟೇ. ಪೆಟ್ರೋಲ್ ಜೆಟ್ ದೊಡ್ಡದರಿಂದ ಶುರು. ಒಂದು ಓಟ, ಒಂದು ಪ್ಲಗ್ ನೋಡುವುದು, ಆಮೇಲೆ ಒಂದೇ ಹಂತ ಇಳಿಸುವುದು. ಪ್ಲಗ್ ಒಂದು ಹಂತ ತಂಪಿನದು, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವಂಥದು. ಟೈಮಿಂಗ್ ಸ್ವಲ್ಪ ಹಿಂದೆ, ಅಂದರೆ ಕಿಡಿ ಸ್ವಲ್ಪ ತಡವಾಗಿ.

ಡಿಸೆಂಬರ್‌ನಲ್ಲಿ ಬಾಟಲಿಯನ್ನು ಶಿರಸಿಯ ಮಾವನ ಮನೆಗೆ ಒಯ್ದಿದ್ದೆ. ಬೆಳಗ್ಗೆ ಗೇಜ್ 650 ತೋರಿಸಿತು. ಅಷ್ಟರಲ್ಲೇ ಓಡಿಸಿದರೆ ಪೆಟ್ರೋಲ್ ಜಾಸ್ತಿಯಾಗಿ ಬೈಕ್ ಮುಗ್ಗರಿಸುತ್ತದೆ. 'ಬಚ್ಚಲ ಒಲೆ ಹತ್ರ ಇಡು, ಬೆಚ್ಚಗಾಗ್ತದೆ' ಅಂದರು ಮಾವ. ಬೇಡವೇ ಬೇಡ ಅಂದೆ. ಬೆಂಕಿ ತಾಗಿದರೆ ಬಾಟಲಿ ಸಿಡಿಯಬಹುದು. ಆ ಕಂಬಳಿ ಮೊದಲ ಸಲ ಉಪಯೋಗಕ್ಕೆ ಬಂದದ್ದು ಅಲ್ಲಿ. ಅಲ್ಲೇ ಬಿಟ್ಟು ಬಂದಿದ್ದೇನೆ. ಘಟ್ಟದ ಮೇಲಿನ ಗೆಳೆಯರು ಬಳಸಲಿ.

ಗ್ಯಾಸ್ ತುಂಬಿಸುವುದು ಮಾತ್ರ ಈಗಲೂ ಕಷ್ಟ. ಊರಲ್ಲಿ ತುಂಬುವವರಿಲ್ಲ, ಕೊರಿಯರ್‌ನವರು ಬಾಟಲಿ ಮುಟ್ಟುವುದಿಲ್ಲ. ಇವತ್ತಿನ ತೂಕದ ಪ್ರಕಾರ 400 ಗ್ರಾಂ ಉಳಿದಿದೆ. ಮುಂದಿನ ರೇಸ್‌ಗೆ ಅಷ್ಟನ್ನೇ ಹಂಚಿಕೊಂಡು ಓಡಿಸಬೇಕು.