ಸಕ್ಯುಲೆಂಟ್ ಕೊಳ್ಳುವ ಮುಂಚೆ ಮೇಲಿನ ಕಲ್ಲು ಎತ್ತಿ ನೋಡಿ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯವರು ಯಾರಾದರೂ ಕಿಟಕಿಯಲ್ಲಿಡಲು ಪುಟ್ಟ ಸಕ್ಯುಲೆಂಟ್ (ನೀರು ತುಂಬಿದ ದಪ್ಪ ಎಲೆಯ ಗಿಡ) ತರುವ ಯೋಚನೆಯಲ್ಲಿದ್ದರೆ, ಮಳೆ ಹಿಡಿಯುವ ಮುಂಚೆ ಇದನ್ನು ಓದಿ.

ಕಳೆದ ವರ್ಷ ಫೆಬ್ರವರಿಯಲ್ಲಿ ಚಿಕ್ಕಮಗಳೂರಿನ ಒಂದು ಗಿಡದಂಗಡಿಯಲ್ಲಿ ಎಚಿವೇರಿಯಾ ಅನ್ನುವ ಸಕ್ಯುಲೆಂಟ್ ಕಂಡೆ. ಬಿಳಿ ಪಿಂಗಾಣಿ ಬಟ್ಟಲು, ಮೇಲೆ ಒತ್ತೊತ್ತಾಗಿ ಬಿಳಿ ಕಲ್ಲು, ನಡುವೆ ತಾವರೆ ಅರಳಿದ ಹಾಗೆ ಬೂದುಹಸಿರು ಎಲೆ. 350 ರೂಪಾಯಿ ಕೊಟ್ಟು ತಂದೆ. ನಮ್ಮತ್ತೆ ಸೊಂಟದ ಮೂಳೆ ಮುರಿದು ಮಲಗಿದ್ದರು. ಅವರ ಮಂಚಕ್ಕೆ ಕಾಣುವ ಹಾಗೆ ಇಟ್ಟೆ. "ವಾರಕ್ಕೆ ಎರಡು ಸಲ ಅರ್ಧ ಲೋಟ ನೀರು ಹಾಕಿ ಮೇಡಂ, ಇನ್ನೇನೂ ಬೇಡ" ಅಂದಿದ್ದರು ಅಂಗಡಿಯವರು. ಅಷ್ಟನ್ನೇ ಮಾಡಿದೆ. ಬೇಸಿಗೆ ಹೇಗೋ ಕಳೆಯಿತು.

ಜೂನ್‌ನಲ್ಲಿ ಮಳೆ ಹಿಡಿಯಿತು. ಮೊದಲು ಗಮನಿಸಿದ್ದು ಅತ್ತೆಯೇ. "ಕೆಳಗಿನ ಎಲೆ ಬಾಡ್ದಂಗಿದೆ ಕಣಮ್ಮ, ನೀರು ಸಾಲ್ತಿಲ್ವೇನೋ." ನನಗೂ ಹಾಗೇ ಅನ್ನಿಸಿ ಇನ್ನಷ್ಟು ಹಾಕಿದೆ. ನಾಲ್ಕೇ ದಿನದಲ್ಲಿ, ಮುಟ್ಟಿದರೆ ಸಾಕು, ಎಲೆ ಕಳಚಿ ಬೀಳತೊಡಗಿತು.

ಗಿಡ ಎತ್ತಲು ಹೋದರೆ ಮೇಲಿನ ಕಲ್ಲೆಲ್ಲ ಒಂದೇ ಬಿಲ್ಲೆಯಾಗಿ ಎದ್ದು ಬಂತು. ಸಾಗಿಸುವಾಗ ಚೆಲ್ಲಬಾರದೆಂದು ಕಲ್ಲಿಗೆ ಕಲ್ಲು ಅಂಟಿಸಿಬಿಟ್ಟಿದ್ದರು. ಕೆಳಗೆ ಸಣ್ಣ ಪ್ಲಾಸ್ಟಿಕ್ ಜಾಲರಿ, ಅದರ ತುಂಬ ಕಪ್ಪಾದ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಕೊಳೆತ ವಾಸನೆ. ಬಟ್ಟಲಿಗೆ ತೂತೇ ಇಲ್ಲ. ತಳದಲ್ಲಿ ಎರಡು ಬೆರಳು ನೀರು. ಅಂಟಿದ ಕಲ್ಲು ಮೇಲೆ ಮುಚ್ಚಳದಂತೆ ಕೂತು, ಕೆಳಗೆ ತೂತೂ ಇಲ್ಲದ್ದರಿಂದ ಹಾಕಿದ ನೀರು ಆರಲೂ ಇಲ್ಲ, ಹೊರಗೆ ಇಳಿಯಲೂ ಇಲ್ಲ. ಅಡಿಕೆಗೆ ಕೊಳೆ ಬರುವುದೂ ಹೀಗೆ ಬಿಡದ ತೇವದಲ್ಲೇ ಅಲ್ಲವೇ? ಇಲ್ಲಿ ಅದು ಬೇರಿನಿಂದ ಹತ್ತಿತ್ತು.

ಅಂಗಡಿಗೆ ಹೋಗಿ ಕೇಳಿದ್ದಕ್ಕೆ "ಮಳೆಗಾಲದಲ್ಲಿ ಹಂಗೇ, ಇನ್ನೊಂದು ತಗೊಳ್ಳಿ" ಅಂದರು. ದುಡ್ಡಿಗಿಂತ ಆ ಮಾತು ನನ್ನನ್ನು ನೋಯಿಸಿತು.

ಬಾಯಾರಿದ ಗಿಡಕ್ಕೂ ಕೊಳೆಯುವ ಗಿಡಕ್ಕೂ ಇರುವ ವ್ಯತ್ಯಾಸ ನನಗೆ ಆಗ ಗೊತ್ತಿದ್ದರೆ ಅದು ಉಳಿಯುತ್ತಿತ್ತು. ನೀರು ಸಾಲದಿದ್ದರೆ ಎಲೆ ತೆಳ್ಳಗಾಗಿ ಸುಕ್ಕುಗಟ್ಟುತ್ತದೆ, ಆದರೆ ಬಣ್ಣ ಗಟ್ಟಿಯಾಗೇ ಇರುತ್ತದೆ. ಕೊಳೆಯುತ್ತಿದ್ದರೆ ಎಲೆ ಹಳದಿಗೆ ತಿರುಗಿ, ಬೆಳಕು ಹಾಯುವಷ್ಟು ನೀರುನೀರಾಗಿ, ತಾನೇ ಉದುರುತ್ತದೆ. ಕಾಂಡದ ಬುಡ ಕಪ್ಪಾಗಿರುತ್ತದೆ. ಎರಡನ್ನೂ ದೂರದಿಂದ ನೋಡಿದರೆ "ಬಾಡಿದೆ" ಅಂತಲೇ ಅನ್ನಿಸುತ್ತದೆ. ಬೆರಳಲ್ಲಿ ಮುಟ್ಟಿ ನೋಡಲೇಬೇಕು.

ಎಚಿವೇರಿಯಾಗಳಲ್ಲಿ ಬಹುಪಾಲು ಮೆಕ್ಸಿಕೋದ ಗುಡ್ಡಗಾಡಿನವು. ನೀರನ್ನು ಎಲೆಯಲ್ಲೇ ಕೂಡಿಟ್ಟುಕೊಳ್ಳುತ್ತವೆ, ಆವಿಯಾಗದಿರಲೆಂದು ಎಲೆಯ ಸಣ್ಣ ರಂಧ್ರಗಳನ್ನು ರಾತ್ರಿ ಹೊತ್ತು ತೆರೆಯುತ್ತವೆ. ಅಂಥ ಗಿಡಕ್ಕೆ ನಮ್ಮ ಮೋಡ ಮುಚ್ಚಿದ ಆಷಾಢದಲ್ಲಿ ವಾರಕ್ಕೆ ಎರಡು ಸಲ ನೀರು! ನಾನೀಗ ದಿನ ಎಣಿಸುವುದಿಲ್ಲ. ಊದಿನಕಡ್ಡಿಯ ಬಿದಿರು ಕಡ್ಡಿಯನ್ನು ತಳದವರೆಗೆ ಚುಚ್ಚಿ ತೆಗೆಯುತ್ತೇನೆ. ಮಣ್ಣು ಅಂಟಿ ಬಂದರೆ ನೀರಿಲ್ಲ. ಮಳೆಗಾಲದಲ್ಲಿ ಹಾಗೆ ಮೂರ್ನಾಲ್ಕು ವಾರ ಹೋದದ್ದೂ ಉಂಟು.

ಆ ಕೊಳೆತ ಗಿಡದ ಕಾಂಡವನ್ನು ಮೇಲೆ ಮೇಲೆ ಕತ್ತರಿಸುತ್ತ ಹೋದೆ, ಕೊನೆಯವರೆಗೂ ಒಳಗೆ ಕಂದು ಬಣ್ಣವೇ. ತುದಿಯ ಮೂರು ಎಲೆ ಮಾತ್ರ ಗಟ್ಟಿಯಿದ್ದವು. ಆ ಎಲೆಗಳ ಬುಡ ಒಣಗಲೆಂದು ನಾಲ್ಕು ದಿನ ನೆರಳಲ್ಲಿ ಕಾಗದದ ಮೇಲಿಟ್ಟು, ಆಮೇಲೆ ಒಂದು ಪಾಲು ಮಣ್ಣಿಗೆ ಎರಡು ಪಾಲು ಇಟ್ಟಿಗೆ ಚೂರು, ದಪ್ಪ ಮರಳು ಬೆರೆಸಿ ಅದರ ಮೇಲೆ ಮಲಗಿಸಿದೆ. ಒಂದೇ ಒಂದು ಎಲೆ ಗುಲಾಬಿ ಬಣ್ಣದ ಬೇರು ಬಿಟ್ಟಿತು. ಈಗ ತಳದಲ್ಲಿ ತೂತಿರುವ ಮಣ್ಣಿನ ಕುಂಡದಲ್ಲಿದೆ. ತೂತಿಲ್ಲದ ಬಟ್ಟಲಿಗೆ ತಳದಲ್ಲಿ ಜಲ್ಲಿ ಹಾಕಿದರಾಯಿತು ಅನ್ನುವವರಿದ್ದಾರೆ, ನಂಬಬೇಡಿ. ನೀರಿಗೆ ಹೊರಗೆ ಹೋಗಲು ದಾರಿಯೇ ಇಲ್ಲವಲ್ಲ!

ನೀಲಿ, ಕಡುಗುಲಾಬಿ ಬಣ್ಣ ಬಳಿದ ಸಕ್ಯುಲೆಂಟ್‌ಗಳನ್ನೂ ಮಾರುತ್ತಾರೆ. ಅವನ್ನು ತರಲೇಬೇಡಿ, ಬಣ್ಣದ ಕೆಳಗೆ ಎಲೆಗೆ ಬೆಳಕು ಸರಿಯಾಗಿ ಸಿಗುವುದಿಲ್ಲ.

ಇಂಥ ಬಟ್ಟಲು ಈಗಾಗಲೇ ಮನೆಯಲ್ಲಿದ್ದರೆ ಇವತ್ತೇ ಕಲ್ಲು ಅಲುಗಾಡಿಸಿ ನೋಡಿ. ಅಂಟಿದ್ದರೆ ಜಗ್ಗಬೇಡಿ, ಕಾಂಡ ಮುರಿಯುತ್ತದೆ. ಉಗುರುಬೆಚ್ಚಗಿನ ನೀರು ಸವರಿ, ಅಂಟು ಮೆತ್ತಗಾದ ಮೇಲೆ ಒಂದೊಂದೇ ಕಲ್ಲು ಬಿಡಿಸಿ. ಜಾಲರಿ ಕತ್ತರಿಸಿ ತೆಗೆದು, ಬೇರಿಗೆ ಎರಡು ಮೂರು ದಿನ ಗಾಳಿಯಾಡಿಸಿ. ಆಮೇಲೆ ನೆಡಿ. ನೆಟ್ಟ ಮೊದಲ ವಾರ ನೀರು ಹಾಕಬೇಡಿ.