ಮಿನಿಯೇಚರ್ ಪೇಂಟಿಂಗ್ ಕಿಟ್ ಅಂತ ಮಂಗಳೂರಲ್ಲಿ ಮಾರ್ತಿರುವುದನ್ನು ತಗೊಳ್ಳುವ ಮೊದಲು ಇದನ್ನೊಮ್ಮೆ ಓದಿ

ಇನ್‌ಸ್ಟಾಗ್ರಾಮಿನಲ್ಲಿ "ಮೊದಲ ಸಲ ಪೇಂಟ್ ಮಾಡುವವರಿಗಾಗಿ" ಅಂತ ಒಂದು ಮಿನಿಯೇಚರ್ ಪೇಂಟಿಂಗ್ ಕಿಟ್, ಅಂದ್ರೆ ಸಣ್ಣ ಗೊಂಬೆಗೆ ನಾವೇ ಬಣ್ಣ ಹಚ್ಚುವ ಕಿಟ್, ಓಡಾಡ್ತಾ ಉಂಟು. ಯಕ್ಷಗಾನದ ಮಹಿಷಾಸುರ, 75 ಮಿ.ಮೀ. ಎತ್ತರ, ತ್ರೀಡಿ ಪ್ರಿಂಟ್ ಮಾಡಿದ ರೆಸಿನ್ (ಬೆಳಕಿಗೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) ಗೊಂಬೆ. ಪ್ರೈಮರ್ (ಬಣ್ಣ ಹಿಡಿಯಲಿಕ್ಕೆ ಮೊದಲು ಹೊಡೆಯುವ ಅಡಿ ಕೋಟು) ಹೊಡೆದೇ ಕೊಡ್ತಾರೆ, ಜೊತೆಗೆ ಆರು ಅಕ್ರಿಲಿಕ್ ಬಣ್ಣ, ಎರಡು ಬ್ರಶ್. 2,800 ರೂಪಾಯಿ. ಮಾರುವವರು ಮಂಗಳೂರಿನವರೇ. ಹೆಸರು ಹಾಕುವುದಿಲ್ಲ. ಕಿಟ್ಟಿನ ಫೋಟೋ ನೋಡಿದವರಿಗೆ ಯಾರು ಅಂತ ಗೊತ್ತಾಗ್ತದೆ. ದಯವಿಟ್ಟು ತಗೊಳ್ಬೇಡಿ.

ನಾನು ತಗೊಂಡದ್ದು ಅಪ್ಪನಿಗೋಸ್ಕರ. ಅವರು ಕಟೀಲು ಮೇಳದ ಯಕ್ಷಗಾನ ಆಟ ನೋಡಿ ಬೆಳೆದವರು. ಪತ್ತನಾಜೆ (ಮೇ ಕೊನೆಗೆ ಬರುವ, ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ಪೂರ್ತಿ ಅವರಿಗೆ ಬೇಜಾರು. ಒಂದು ಬಣ್ಣದ ವೇಷ (ಯಕ್ಷಗಾನದ ರಾಕ್ಷಸ ಪಾತ್ರ) ನನ್ನ ಕೈಯಲ್ಲೇ ಮಾಡಿ ಅವರ ಟೇಬಲ್ಲಿನ ಮೇಲೆ ಇಡಬೇಕು ಅಂತ ಆಸೆ ಇತ್ತು. "ಆರ್ಡರ್ ಜಾಸ್ತಿ ಉಂಟು ಮೇಡಂ, ಫುಲ್ ಪೇಮೆಂಟ್ ಮಾಡಿದವರಿಗೆ ಮೊದಲು" ಅಂದ್ರು ಮಾರುವವರು. ಗೂಗಲ್ ಪೇ ಮಾಡಿದೆ. ಬಿಲ್ ಕೇಳಿದ್ದಕ್ಕೆ "ವಾಟ್ಸಾಪಲ್ಲಿ ಹಾಕ್ತೇನೆ" ಅಂದವರು ಇವತ್ತಿನವರೆಗೆ ಹಾಕಿಲ್ಲ.

ಜಾಹೀರಾತಿನ ಫೋಟೋದಲ್ಲಿ ಇದ್ದದ್ದು ವ್ಯಾಲೆಹೋ (ಅಕ್ರಿಲಿಕ್ ಬಣ್ಣದ ಹೆಸರಾಂತ ಕಂಪೆನಿ) ಬಾಟಲಿಗಳು. ಬಂದದ್ದು ಹೆಸರಿಲ್ಲದ ಡ್ರಾಪರ್ ಬಾಟಲಿ, ಮೇಲೆ ಪ್ರಿಂಟ್ ಹೊಡೆದ ಸ್ಟಿಕರ್. ಕೇಳಿದೆ. "ಫೋಟೋ ರೆಫರೆನ್ಸಿಗೆ ಮಾತ್ರ ಮೇಡಂ. ದೊಡ್ಡ ಬಾಟಲಿಯಿಂದ ತುಂಬಿಸಿದ್ದು, ಬಣ್ಣ ಸೇಮ್." ಹಾಗೆ ಸಣ್ಣ ಬಾಟಲಿಗೆ ತುಂಬಿಸಿ ಕೊಡುವವರು ಇದ್ದಾರೆ, ಅದು ಹೊಸತಲ್ಲ. ಗೊಂಬೆ ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಅದನ್ನೂ ಕೇಳಿದೆ. "ಮಳೆಗಾಲ ಅಲ್ವಾ ಮೇಡಂ, ಮಂಗಳೂರಲ್ಲಿ ಎಲ್ಲವೂ ಅಂಟ್ತದೆ." ತೇವ ಇರುವಾಗ ಸ್ಪ್ರೇ ಪ್ರೈಮರ್ ಹಾಳಾಗ್ತದೆ ಅಂತ ಈ ಹವ್ಯಾಸದವರೆಲ್ಲ ಹೇಳ್ತಾರೆ. ಈ ಮನುಷ್ಯ ಆ ನಿಜವನ್ನೇ ಸುಳ್ಳಿಗೆ ಮುಚ್ಚಳ ಮಾಡಿಕೊಂಡದ್ದು.

ಕೆಂಪು ಹಚ್ಚಿದೆ. ಎಲ್ಲರೂ ಹೇಳುವ ಹಾಗೆ ತೆಳು ಮಾಡಿ ಒಂದು ಕೋಟು, ಪೂರ್ತಿ ಒಣಗಿದ ಮೇಲೆ ಎರಡನೇ ಕೋಟು. ಎರಡನೇ ಕೋಟಿಗೆ ಬ್ರಶ್ ಇಟ್ಟದ್ದೇ ಮೊದಲನೇದು ಎದ್ದು ಬಂತು. ಫೋಟೋ ಕಳಿಸಿದೆ. "ನೀರು ಜಾಸ್ತಿ ಆಯ್ತು ಮೇಡಂ." ನೀರು ಕಮ್ಮಿ ಮಾಡಿ ಹಚ್ಚಿದೆ. ದಪ್ಪ ಆಗಿ ಸೊಂಟದ ಪಟ್ಟಿಯ ಕೆತ್ತನೆ ಎಲ್ಲ ಮುಚ್ಚಿಹೋಯ್ತು. ಮತ್ತೆ ಫೋಟೋ. "ನೀರು ಕಮ್ಮಿ ಆಯ್ತು ಮೇಡಂ. ಕೈ ಕೂರಬೇಕು." ಅದೇ ಮನುಷ್ಯ, ಅದೇ ಚಾಟು, ಮೇಲೆ ಕೆಳಗೆ ಎರಡು ಮೆಸೇಜು. ಈಗ ಓದುವಾಗ ಮೈ ಉರಿಯುತ್ತದೆ.

ಮಹಿಷಾಸುರನ ಮುಖದ ತುಂಬ ಚುಟ್ಟಿ, ಅಂದ್ರೆ ಉಬ್ಬಿದ ಬಿಳಿ ಚುಕ್ಕಿಗಳು. ನಿಜವಾದ ವೇಷದಲ್ಲಿ ಅದನ್ನು ಅಕ್ಕಿ ಹಿಟ್ಟು, ಸುಣ್ಣ ಕಲಸಿ ಒಂದೊಂದೇ ಇಡ್ತಾರೆ, ಅದಕ್ಕೇ ಗಂಟೆಗಟ್ಟಲೆ ಬೇಕು. ಗೊಂಬೆಯಲ್ಲಿ ಅವು ಪ್ರಿಂಟಿನಲ್ಲೇ ಉಬ್ಬಿ ಬಂದ ಸಣ್ಣ ಚುಕ್ಕಿಗಳು. ಬ್ರಶ್ಶಿನ ಬಣ್ಣವನ್ನು ಬಟ್ಟೆಗೆ ಒರೆಸಿ, ಉಳಿದ ಚೂರನ್ನು ಉಬ್ಬಿದ ಜಾಗಕ್ಕೆ ಮಾತ್ರ ಸವರಬೇಕು. ಅದನ್ನು ಎಷ್ಟು ಜಾಗ್ರತೆಯಲ್ಲಿ ಮಾಡಿದ್ದೆ! ಬಿಳಿ ಚಂದ ನಿಂತಿತ್ತು. ಆಮೇಲೆ ಸಂದುಗಳಿಗೆ ನೆರಳು ಬರಲಿ ಅಂತ ಕಿಟ್ಟಿನಲ್ಲೇ ಕೊಟ್ಟ "ವಾಶ್" ಹಾಕಿದೆ. ಕಪ್ಪು ನೀರು ಹರಿದದ್ದೇ ಅಡಿಯ ಕೆಂಪೆಲ್ಲ ಕರಗಿ ಮೇಲೆ ಬಂತು, ಚುಟ್ಟಿ ಎಲ್ಲ ಕಂದು. ಮುಖವೇ ಇಲ್ಲ. ಅಪ್ಪ ಕನ್ನಡಕ ಹಾಕಿ ನೋಡಿ ಮೆಲ್ಲಗೆ ಕೇಳಿದ್ರು, "ಚುಟ್ಟಿ ಬಿಳಿ ಅಲ್ವಾ ಇರುವುದು ಮಗಳೇ?" ನನಗೆ ಅವರ ಮುಖ ನೋಡ್ಲಿಕ್ಕೆ ಆಗ್ಲಿಲ್ಲ.

ಆ ರಾತ್ರಿಯೇ ಮಾರಿದವರಿಗೆ ಬರೆದೆ. ಬಂದ ಉತ್ತರ ಹಾಗೇ ಹಾಕ್ತೇನೆ: "ಬೇಸಿಕ್ ಕೈ ಇಲ್ಲದಿದ್ರೆ ಹೀಗೇ ಆಗೋದು ಮೇಡಂ. ನಮ್ಮಲ್ಲಿ ವೀಕೆಂಡ್ ಕ್ಲಾಸ್ ಉಂಟು, 1,500. ನಿಮಗೆ ಡಿಸ್ಕೌಂಟ್ ಮಾಡ್ತೇನೆ." ಹಾಳು ಬಣ್ಣ ಕೊಟ್ಟದ್ದು ಇವರು, ಕೈ ಸರಿ ಇಲ್ಲ ಅಂತ ಹೇಳಿದ್ದೂ ಇವರು, ಆ ಕೈ ಸರಿ ಮಾಡ್ಲಿಕ್ಕೆ ದುಡ್ಡು ಕೇಳಿದ್ದೂ ಇವರು!

ಮಣಿಪಾಲದಲ್ಲಿ ಓದುವ ಒಬ್ಬ ಪರಿಚಯದ ಹುಡುಗ ವರ್ಷಗಳಿಂದ ಇಂಥ ಗೊಂಬೆಗಳಿಗೆ ಬಣ್ಣ ಹಚ್ತಾನೆ. ಅವನಿಗೆ ತೋರಿಸಿದೆ. ಅವನು ಗೊಂಬೆಯನ್ನು ನೋಡ್ಲೇ ಇಲ್ಲ, ಮೊದಲು ಸ್ಟೀಲಿನ ಮುಚ್ಚಳದ ಮೇಲೆ ಆರೂ ಬಣ್ಣದ ಒಂದೊಂದು ಹನಿ ತೆಳುವಾಗಿ ಸವರಿ ಒಣಗ್ಲಿಕ್ಕೆ ಇಟ್ಟ. ಮರುದಿನ ಒದ್ದೆ ಬೆರಳಲ್ಲಿ ಉಜ್ಜಿದ. ಆರೂ ಕರಗಿ ಬೆರಳಿಗೆ ಬಂತು. "ಅಕ್ಕ, ಇದು ಅಕ್ರಿಲಿಕ್ ಅಲ್ಲವೇ ಅಲ್ಲ. ಪೋಸ್ಟರ್ ಕಲರ್." ಅಕ್ರಿಲಿಕ್ ಒಮ್ಮೆ ಪೂರ್ತಿ ಒಣಗಿದರೆ ನೀರಿಗೆ ಮತ್ತೆ ಕರಗುವುದಿಲ್ಲ. ಪೋಸ್ಟರ್ ಕಲರ್ ಒಣಗಿದ ಮೇಲೂ ನೀರು ತಾಗಿದರೆ ಏಳುತ್ತದೆ. ಒಂದರ ಮೇಲೊಂದು ಕೋಟು ಕೊಟ್ಟೇ ಮಾಡುವ ಕೆಲಸಕ್ಕೆ ಶಾಲೆ ಮಕ್ಕಳು ಚಾರ್ಟಿಗೆ ಹಚ್ಚುವ ಬಣ್ಣ! ಎಷ್ಟು ಪಳಗಿದ ಕೈ ಆದರೂ ಇದರಲ್ಲಿ ಎರಡನೇ ಕೋಟು ನಿಲ್ಲಿಸುವುದು ಕಷ್ಟ ಅಂದ. ಅಷ್ಟು ದಿನ ನನ್ನ ಕೈಯನ್ನೇ ಬೈದುಕೊಂಡು ಕೂತಿದ್ದೆ.

ಆಮೇಲೆ ಗೊಂಬೆ ಕೈಗೆತ್ತಿಕೊಂಡ. ಉಗುರಲ್ಲಿ ಗೀರಿದಾಗ ಬೂದು ಪ್ರೈಮರ್ ಸಿಪ್ಪೆಯಾಗಿ ಎದ್ದು ಬಂತು, ಅಡಿಯಲ್ಲಿ ರೆಸಿನ್ ಹಸಿ. ಪೀಠದ ಸಂದಿನಿಂದ ಜೇನಿನ ಹಾಗೆ ದಪ್ಪ ದ್ರವ ಇಳಿಯುತ್ತಿತ್ತು. ರೆಸಿನ್ ಪ್ರಿಂಟ್ ಆದ ಮೇಲೆ ಅದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು, ಯುವಿ ಬೆಳಕಿನಲ್ಲಿ ಗಟ್ಟಿ ಮಾಡಬೇಕು. ಒಳಗೆ ಟೊಳ್ಳು ಬಿಟ್ಟು ಪ್ರಿಂಟ್ ಮಾಡಿದರೆ ಹಸಿ ರೆಸಿನ್ ಹೊರಗೆ ಹೋಗ್ಲಿಕ್ಕೆ ಅಡಿಯಲ್ಲಿ ತೂತು ಬಿಡಬೇಕು. ಇದರಲ್ಲಿ ತೂತೇ ಇಲ್ಲ. ಹಸಿ ರೆಸಿನ್ ಚರ್ಮಕ್ಕೆ ಆಗುವುದಿಲ್ಲ, ಗ್ಲೌಸ್ ಇಲ್ಲದೆ ಮುಟ್ಟಲೇಬಾರದು ಅಂದ. ನನ್ನ ಬೆರಳ ಸಂದಿನಲ್ಲಿ ತುರಿಕೆ ಯಾಕೆ ಅಂತ ಆಗ ಗೊತ್ತಾಯ್ತು. ಅಕ್ಕನ ಸಣ್ಣ ಮಗು ಅದನ್ನು ಹಿಡ್ಕೊಂಡು ಆಡಿತ್ತು ಮಾರಾಯ್ರೆ. ಬಣ್ಣದ ಮೋಸವನ್ನಾದರೂ ಸಹಿಸಬಹುದು, ಇದನ್ನು ಹೇಗೆ ಸಹಿಸುವುದು?

ಎಲ್ಲ ವಿಡಿಯೋ ಮಾಡಿ ಕಳಿಸಿದೆ. ಮೊದಲ ಉತ್ತರ: "ಅಕ್ರಿಲಿಕ್ ಅಂತ ನಾವು ಎಲ್ಲೂ ಹೇಳಿಲ್ಲ." ಅವರದೇ ಜಾಹೀರಾತಿನ ಸ್ಕ್ರೀನ್‌ಶಾಟ್ ಹಾಕಿದೆ. "ಅದು ಡಿಸೈನ್ ಮಾಡಿದವನ ಮಿಸ್ಟೇಕ್." ರೆಸಿನ್ ಹಸಿ ಇರುವುದಕ್ಕೆ? "ಬಿಸಿಲಲ್ಲಿ ಇಡಿ ಮೇಡಂ, ಸರಿ ಆಗ್ತದೆ." ಜುಲೈ ತಿಂಗಳ ಮಂಗಳೂರಲ್ಲಿ ಬಿಸಿಲು! ಒಳಗೆ ತುಂಬಿಕೊಂಡ ರೆಸಿನ್ನಿಗೆ ಯಾವ ಬಿಸಿಲು ತಾಗ್ತದೆ? ಆಮೇಲೆ, "ನಿಮಗೆ ಹೇಳಿಕೊಟ್ಟವನಿಗೆ ಅವನದೇ ಬಿಸಿನೆಸ್ ಇರಬೇಕು." ದುಡ್ಡು ವಾಪಸ್ ಕೇಳಿದ್ದಕ್ಕೆ, "ಓಪನ್ ಮಾಡಿದ ಕಿಟ್ಟಿಗೆ ರಿಟರ್ನ್ ಇಲ್ಲ." ಓಪನ್ ಮಾಡದೆ ಬಣ್ಣ ಹಚ್ಚುವುದು ಹೇಗೆ ಅಂತ ಕೇಳಿದೆ. ಬ್ಲೂ ಟಿಕ್ ಬಂತು. ಸ್ವಲ್ಪ ಹೊತ್ತಿಗೆ ಡಿಪಿ ಮಾಯ. ಬ್ಲಾಕ್.

ಹೊಸಬರಿಗೆ ಯಾವುದು ಸರಿ, ಯಾವುದು ತಪ್ಪು ಅಂತ ಗೊತ್ತಿರುವುದಿಲ್ಲ. ಇವರ ವ್ಯಾಪಾರ ನಿಂತಿರುವುದೇ ಅದರ ಮೇಲೆ. ಮಾಲು ಹಾಳಾದರೂ "ನಿಮ್ಮ ಕೈ" ಅಂದ್ರೆ ಮುಗೀತು, ನಾಚಿಕೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ನಾನು ಬಿಡ್ತೇನೆ.

ಯಾರ ಹತ್ತಿರ ತಗೊಂಡರೂ ಕಂಪೆನಿಯ ಸೀಲ್ ಇರುವ ಬಾಟಲಿಯೇ ಕೇಳಿ, ಬಿಲ್ ಬಾರದೆ ದುಡ್ಡು ಹಾಕ್ಬೇಡಿ. ಬಣ್ಣದ ಮೇಲೆ ಸಂಶಯ ಬಂದರೆ ಆ ಮುಚ್ಚಳದ ಪರೀಕ್ಷೆ ಮಾಡಿ. ಗೊಂಬೆ ಅಂಟುತ್ತಿದ್ದರೆ, ವಾಸನೆ ಇದ್ದರೆ ಮಕ್ಕಳ ಕೈಗೆ ಕೊಡ್ಲೇಬೇಡಿ, ಮಳೆಗಾಲ ಅಂತ ಯಾರು ಹೇಳಿದರೂ ಕೇಳ್ಬೇಡಿ.

ನಾನು 1915ಕ್ಕೆ, ಗ್ರಾಹಕರ ಸಹಾಯವಾಣಿಗೆ, ಕರೆ ಮಾಡಿ ದೂರು ಕೊಟ್ಟಿದ್ದೇನೆ. ಬಿಲ್ ಇಲ್ಲದಿದ್ದರೂ ಪೇಮೆಂಟಿನ ದಾಖಲೆ, ಚಾಟು ಎಲ್ಲ ಇಟ್ಟುಕೊಂಡಿದ್ದೇನೆ. ಈಗ ಅವರು ಅದೇ ವ್ಯಾಲೆಹೋ ಬಾಟಲಿಗಳ ಫೋಟೋ ಹಾಕಿ "ದಸರಾ ಆಫರ್" ಅಂತ ಶುರು ಮಾಡಿದ್ದಾರೆ, ಈ ಸಲ ದೇವಿಯ ವೇಷವೂ ಉಂಟಂತೆ. ಇವರ ಹತ್ತಿರ ಈಗಾಗಲೇ ತಗೊಂಡವರು ಇದ್ದರೆ ಚಾಟ್ ಡಿಲೀಟ್ ಮಾಡ್ಬೇಡಿ, ನೀವೂ ದೂರು ಕೊಡಿ.